ಬೀಸೆಕಲ್ಲಿನ ದಾರಿ: ಶಿವಮೊಗ್ಗ–ಭದ್ರಾವತಿಯ ರಸ್ತೆಗಳು ಯಾಕಿಷ್ಟು ಶಾಂತ?

ಮೊದಲೇ ಒಂದು ಮಾತು. ನೀವೀಗ ಸೈಕಲ್ ಮೇಲಿದ್ರೆ ದಯವಿಟ್ಟು ಇದನ್ನ ನಿಲ್ಲಿಸಿ, ಮನೆಗೆ ಹೋದ ಮೇಲೆ ಕೇಳಿ. ಯಾಕಂದ್ರೆ ಸೈಕಲ್ ಹೊಡೀತಾ ಕಿವಿಗೆ ಏನು ಬೀಳುತ್ತೆ, ಏನು ಬೀಳಲ್ಲ ಅನ್ನೋದೇ ಇವತ್ತಿನ ವಿಷಯ.

ಭಾನುವಾರ ಬೆಳಗ್ಗೆ ಶಿವಮೊಗ್ಗದಿಂದ ಹೆಲ್ಮೆಟ್ ಹಾಕಿದ ಹುಡುಗ ಹುಡುಗಿಯರು ಸೈಕಲ್ ತಗೊಂಡು ಹೊರಡ್ತಾರೆ. ಕೆಲವರು ಗಾಜನೂರು ಕಡೆ, ಕೆಲವರು ಕೂಡ್ಲಿ ಕಡೆ, ಇನ್ನೂ ಗಟ್ಟಿಗರು ಉಂಬ್ಳೆಬೈಲು ದಾಟಿ ಲಕ್ಕವಳ್ಳಿ ಕಡೆ. ವಾಪಸ್ ಬಂದ ಮೇಲೆ ಎಲ್ಲರೂ ಹೇಳೋದು ಒಂದೇ: "ಎಷ್ಟು ಸೈಲೆಂಟ್ ಆಗಿದೆ ಗುರೂ ಆ ರೋಡು!" ನಿಜ, ಶಾಂತವಾಗಿದೆ. ಆದರೆ ಆ ಶಾಂತಿ ಎಲ್ಲಿಂದ ಬಂತು? ಇತಿಹಾಸ ಶುರುವಾಗೋದು ಈ ಪ್ರಶ್ನೆಯಿಂದ.

ಮಲೆನಾಡಿಗೆ ಬಂದ 'ಬೀಸೆಕಲ್ಲು'

ಇವತ್ತು ನಾವು ಓಡಿಸೋ ಸೈಕಲ್ಲಿನ ಆಕಾರ, ಅಂದ್ರೆ ಎರಡೂ ಚಕ್ರ ಹತ್ತಿರ ಹತ್ತಿರ ಒಂದೇ ಗಾತ್ರ, ಹಿಂದಿನ ಚಕ್ರಕ್ಕೆ ಚೈನು, ಇದು ಇಂಗ್ಲೆಂಡಿನಲ್ಲಿ 1885ರ ಹೊತ್ತಿಗೆ ಬಂತು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರ್ ಮಾಡಿದ. ಈ ಯಂತ್ರ ಮಲೆನಾಡಿನ ಜನಕ್ಕೆ ಹೇಗೆ ಕಂಡಿತು ಅಂತ ತಿಳೀಬೇಕಾದ್ರೆ ಕುವೆಂಪು ಹತ್ತಿರ ಹೋಗಬೇಕು. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ, ಜಾಗ ತೀರ್ಥಹಳ್ಳಿ ಸುತ್ತಲಿನ ಕಾಡು. ಅಲ್ಲಿ ಪಾದ್ರಿಯ ಜೊತೆ ಬೈಸಿಕಲ್ ಬರುತ್ತೆ. ಹಳ್ಳಿಯವರ ಬಾಯಲ್ಲಿ ಅದು 'ಬೀಸೆಕಲ್ಲು' ಆಗುತ್ತೆ.

ನಗು ಬರುತ್ತೆ, ಆದರೆ ಆ ಹೆಸರಲ್ಲಿ ಎಷ್ಟು ಅರ್ಥ ಇದೆ ನೋಡಿ. ಕೇಳದ ಶಬ್ದವನ್ನ ಜನ ತಮ್ಮ ಮನೆಯಲ್ಲಿರೋ ವಸ್ತುವಿಗೆ ಜೋಡಿಸಿಕೊಂಡರು. ಬೀಸೋ ಕಲ್ಲೂ ದುಂಡಗೆ, ಇದೂ ದುಂಡಗೆ. ಅದೂ ತಿರುಗುತ್ತೆ, ಇದೂ ತಿರುಗುತ್ತೆ. ಒಂದೇ ವ್ಯತ್ಯಾಸ, ಬೀಸೋ ಕಲ್ಲು ಇದ್ದಲ್ಲೇ ತಿರುಗುತ್ತೆ, ಇದು ಮನುಷ್ಯನನ್ನ ಊರಿನಿಂದ ಆಚೆ ಕರ್ಕೊಂಡು ಹೋಗುತ್ತೆ. ಆ ಕಾಲದಲ್ಲಿ ಒಬ್ಬ ಯುವಕ ಮನೆಯ ಹಿರಿಯರ ಗಾಡಿ ಎತ್ತು ಕೇಳದೆ, ತಾನೇ ಹೊರಟುಬಿಡೋದು ಸಣ್ಣ ವಿಷಯ ಆಗಿರಲಿಲ್ಲ.

ಎತ್ತು ಹಾಕಿಕೊಟ್ಟ ರಸ್ತೆ

ಸರಿ, ಸೈಕಲ್ ಬಂತು. ಓಡಿಸೋಕೆ ರಸ್ತೆ? ಇಲ್ಲಿ ಭೂಗೋಳ ಸ್ವಲ್ಪ ತಿಳ್ಕೋಬೇಕು. ಮಲೆನಾಡು ಅಂದ್ರೆ ಬರೀ ಏರು ಅಂತ ಹೊರಗಿನವರು ಅಂದ್ಕೊಳ್ತಾರೆ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್, ಭದ್ರಾವತಿ, ತೀರ್ಥಹಳ್ಳಿ ಅದಕ್ಕಿಂತ ಸ್ವಲ್ಪವೇ ಮೇಲೆ, ಆಗುಂಬೆ 650ರ ಆಸುಪಾಸು. ಅಂದ್ರೆ ಘಟ್ಟದ ನೆತ್ತಿಯ ತನಕ ಹೋದ್ರೂ ಎತ್ತರದ ವ್ಯತ್ಯಾಸ ಸುಮಾರು 80 ಮೀಟರ್ ಅಷ್ಟೇ. ನಡುವೆ ಸಣ್ಣ ಏರಿಳಿತ ಬೇಕಾದಷ್ಟಿದೆ. ನಿಜವಾದ ಪ್ರಪಾತ ಇರೋದು ಪಶ್ಚಿಮಕ್ಕೆ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋ ಆ ತಿರುವುಗಳಲ್ಲಿ. ಈ ಕಡೆ ತುಂಗಾ, ಭದ್ರಾ ಎರಡೂ ನಿಧಾನವಾಗಿ ಪೂರ್ವಕ್ಕೆ ಹರಿದು ಕೂಡ್ಲಿಯಲ್ಲಿ ಸೇರ್ತವೆ. ಹಳೇ ದಾರಿಗಳೂ ನದಿಯ ಜೊತೆಗೇ ಸಾಗ್ತವೆ.

ಕೆಳದಿ ನಾಯಕರ ಕಾಲದಲ್ಲಿ, ಅಂದ್ರೆ ಶಿಸ್ತಿನ ಶಿವಪ್ಪ ನಾಯಕ ಆಳಿದ ಹದಿನೇಳನೇ ಶತಮಾನದಲ್ಲಿ, ಈ ದಾರಿಗಳಲ್ಲಿ ಹೇರೆತ್ತುಗಳು ನಡೀತಿದ್ದವು. ಅಡಿಕೆ, ಮೆಣಸು, ಅಕ್ಕಿ ಕರಾವಳಿಗೆ. ಉಪ್ಪು, ಒಣಮೀನು, ತೆಂಗು ಘಟ್ಟಕ್ಕೆ. ಆಮೇಲೆ 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ವಿರುದ್ಧ ದಂಗೆ ಎದ್ದರು. ಅದನ್ನೇ ಕಾರಣ ಮಾಡಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನ ಕೈಗೆ ತಗೊಂಡರು. ನಂತರ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ ಸಂಸ್ಥಾನದ ಉದ್ದಗಲಕ್ಕೂ ಗಾಡಿ ರಸ್ತೆಗಳಾದವು. ಸರಕು ಸಾಗಬೇಕು, ಕಂದಾಯ ಬರಬೇಕು, ಬೇಕಾದಾಗ ಸೈನ್ಯವೂ ಹೋಗಬೇಕು.

ಇದಕ್ಕೂ ಸೈಕಲ್ಲಿಗೂ ಏನು ಸಂಬಂಧ ಅಂತೀರಾ? ಭಾರ ತುಂಬಿದ ಎತ್ತಿನ ಗಾಡಿ ಕಡಿದಾದ ಏರು ಹತ್ತಲ್ಲ. ಅದಕ್ಕೇ ರಸ್ತೆ ಹಾಕಿದವರು ಗುಡ್ಡವನ್ನ ನೇರ ಹತ್ತದೆ ಬಳಸಿಕೊಂಡು ಹೋದರು. ಎತ್ತಿನ ಉಸಿರಿಗೆ ತಕ್ಕ ಏರು ಮನುಷ್ಯನ ಕಾಲಿಗೂ ತಕ್ಕದ್ದೇ. ನೀವು ಗೇರ್ ಇಳಿಸಿ ಉಸಿರು ಬಿಡ್ತಾ ದಾಟೋ ಆ ತಿರುವು, ಯಾವುದೋ ಜೋಡೆತ್ತಿನ ದಣಿವನ್ನ ಲೆಕ್ಕ ಹಾಕಿ ತೆಗೆದದ್ದು.

ಕಾರ್ಖಾನೆಯ ಹೊತ್ತು, ಸೈಕಲ್ಲಿನ ಹೊತ್ತು

ಈಗ ಭದ್ರಾವತಿಗೆ ಬರೋಣ. ಇದರ ಹಳೇ ಹೆಸರು ಬೆಂಕಿಪುರ. ಆ ಹೆಸರು ಕುಲುಮೆ ಬರೋಕೆ ಮುಂಚಿನದು ಅನ್ನೋದೇ ತಮಾಷೆ. ಸರ್ ಎಂ. ವಿಶ್ವೇಶ್ವರಯ್ಯನವರು ಹಠ ಹಿಡಿದ ಮೈಸೂರು ಕಬ್ಬಿಣದ ಕಾರ್ಖಾನೆ ಇಲ್ಲಿ 1923ರ ಜನವರಿ 18ರಂದು ಶುರುವಾಯ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಕೆಮ್ಮಣ್ಣುಗುಂಡಿಯ ಅದಿರನ್ನ ಸುತ್ತಲಿನ ಕಾಡಿನ ಮರದ ಇದ್ದಿಲಿನಲ್ಲೇ ಕರಗಿಸಿದರು. ಅದಿರು ಬೆಟ್ಟದಿಂದ ರೋಪ್‌ವೇಯಲ್ಲಿ ಇಳೀತು, ಸೌದೆ ಕಾಡಿನ ಒಳಗಿನಿಂದ ಬಂತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯ್ತು. ಹಳೇನಗರ, ನ್ಯೂಟೌನ್, ಪೇಪರ್‌ಟೌನ್ ಅಂತ ಊರು ಹರಡಿಕೊಳ್ತು.

ಕಾರ್ಖಾನೆಯ ಊರು ಅಂದ್ರೆ ಪಾಳಿಯ ಊರು. ಪಾಳಿಯ ಊರು ಅಂದ್ರೆ ಸೈಕಲ್ಲಿನ ಊರು. ಕ್ಯಾರಿಯರ್‌ಗೆ ಊಟದ ಡಬ್ಬಿ, ರಾತ್ರಿ ಪಾಳಿಯಾದ್ರೆ ಚಕ್ರಕ್ಕೆ ಉಜ್ಜೋ ಡೈನಮೋ. ಸ್ವಾತಂತ್ರ್ಯದ ನಂತರ ಮದರಾಸು, ಅಸನ್‌ಸೋಲ್, ಲೂಧಿಯಾನಾಗಳಲ್ಲಿ ಸೈಕಲ್ ಕಾರ್ಖಾನೆಗಳು ಬೆಳೆದ ಮೇಲೆ, ಸಂಬಳ ಕೂಡಿಟ್ಟ ಕಾರ್ಮಿಕನಿಗೆ ಸೈಕಲ್ ಕೈಗೆಟುಕಿತು. ಸೈಕಲ್ಲಿಗೂ ಲೈಸೆನ್ಸ್ ಬಿಲ್ಲೆ ಇದ್ದ ಕಾಲ ಅದು. ದೀಪ ಇಲ್ಲದೆ ಹೋದ್ರೆ, ಡಬಲ್ ರೈಡ್ ಹೋದ್ರೆ ದಂಡ. ನಿಮ್ಮ ಅಜ್ಜನನ್ನ ಕೇಳಿ, ಪೊಲೀಸರನ್ನ ಕಂಡು ಹಿಂದೆ ಕೂತವನು ಹಾರಿದ ಕಥೆ ಖಂಡಿತ ಸಿಗುತ್ತೆ. ಮಕ್ಕಳು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದೇ ಕಲಿತರು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಶುರು ಮಾಡಿತು. ಅಜ್ಜ ಕಾರ್ಖಾನೆಗೆ ಹೋದ ಹಾಗೆ ಮೊಮ್ಮಗಳು ಹೈಸ್ಕೂಲಿಗೆ ಹೋದಳು. ಬಸ್ಸೇ ಬರದ ಹಳ್ಳಿಯಲ್ಲಿ ಇದು ದೊಡ್ಡ ಮಾತು. ಕೋವಿಡ್ ವರ್ಷಗಳಲ್ಲಿ ಅದು ನಿಂತುಹೋಯ್ತು.

ಮೌನದ ಲೆಕ್ಕ

ಈಗ ಮೊದಲ ಪ್ರಶ್ನೆಗೆ ವಾಪಸ್. ಈ ರಸ್ತೆಗಳು ಯಾಕಿಷ್ಟು ಶಾಂತ? ಒಂದೊಂದು ಮೌನಕ್ಕೂ ಒಂದೊಂದು ಕಾರಣ ಇದೆ.

ಲಕ್ಕವಳ್ಳಿ ಕಡೆಯ ಕಾಡು ನೋಡಿ. 1998ರಲ್ಲಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಆಯ್ತು. 2001-02ರಲ್ಲಿ ಒಳಗಿನ ಹಳ್ಳಿಗಳ ಜನರನ್ನ ಹೊರಗೆ ನೆಲೆಗೊಳಿಸಿದರು. ಕಾಡಿಗೆ ಒಳ್ಳೇದಾಯ್ತು, ದೇಶದಲ್ಲಿ ಒಳ್ಳೇ ಉದಾಹರಣೆ ಅಂತಲೂ ಹೆಸರಾಯ್ತು. ಆದರೆ ಅಲ್ಲೊಂದು ಕಾಲದಲ್ಲಿ ಒಲೆ ಉರೀತಿತ್ತು ಅನ್ನೋದು ನಿಜ.

ಶಿವಮೊಗ್ಗ ತಾಲ್ಲೂಕಿನ ಕಾಡಂಚಿನ ಎಷ್ಟೋ ಊರುಗಳ ಹಿರಿಯರನ್ನ ಮೂಲ ಯಾವುದು ಅಂತ ಕೇಳಿದ್ರೆ ನೀರಿನಡಿಯ ಊರಿನ ಹೆಸರು ಹೇಳ್ತಾರೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟ್ ಬಂತು. ಮುಳುಗಡೆಯಾದ ಕುಟುಂಬಗಳು ಇಲ್ಲಿಗೆ ಬಂದವು, ಅದರಲ್ಲಿ ಬಹಳ ಜನ ಭೂಮಿಯ ಹಕ್ಕುಪತ್ರಕ್ಕೆ ಇವತ್ತಿಗೂ ಅಲೀತಿದ್ದಾರೆ.

ಇನ್ನು ರಸ್ತೆ ಪಕ್ಕ ಸಾಲಾಗಿ ನಿಂತ ಅಕೇಶಿಯಾ, ನೀಲಗಿರಿ. ಅಲ್ಲಿ ಒಂದು ನಿಮಿಷ ನಿಂತು ಕಿವಿಗೊಟ್ಟರೆ ಸಹಜ ಕಾಡಿನ ಸದ್ದು ಸಿಗಲ್ಲ. ಅದು ಪೇಪರ್ ಮಿಲ್ಲಿನ ತಿರುಳಿಗಾಗಿ ಬೆಳೆಸಿದ ನೆಡುತೋಪು. ಗುತ್ತಿಗೆ 2020ರಲ್ಲಿ ಮುಗೀತು; ಸರ್ಕಾರ ಮತ್ತೆ 40 ವರ್ಷಕ್ಕೆ ಮುಂದುವರಿಸಿದಾಗ ಮಲೆನಾಡಿನ ಜನ ವಿರೋಧಿಸಿದರು. ಮಿಲ್ಲಿನ ಯಂತ್ರಗಳು ನಿಂತದ್ದು ಅದಕ್ಕಿಂತ ಎಷ್ಟೋ ಮುಂಚೆ.

ಕೊನೆಯದು ಕಾರ್ಖಾನೆಯ ಮೌನ. ಶತಮಾನ ತುಂಬಿದ ತಿಂಗಳಲ್ಲೇ, 2023ರ ಜನವರಿಯಲ್ಲಿ, ಕಬ್ಬಿಣ-ಉಕ್ಕಿನ ಕಾರ್ಖಾನೆ ಮುಚ್ಚೋ ತೀರ್ಮಾನದ ಸುದ್ದಿ ಬಂತು. ಕಾರ್ಮಿಕರು ಧರಣಿ ಕೂತರು, ಊರು ಬೆಂಬಲಿಸಿತು, ಅದೇ ವರ್ಷ ಒಂದಿಷ್ಟು ಉತ್ಪಾದನೆ ಮತ್ತೆ ಶುರುವಾಯ್ತು. ಆದರೆ ಪಾಳಿ ಬಿಟ್ಟಾಗ ರಸ್ತೆ ತುಂಬ ಹರೀತಿದ್ದ ಸೈಕಲ್ ಸಾಲು ವಾಪಸ್ ಬರಲಿಲ್ಲ.

ಹಾಗಾದ್ರೆ ಈ ರಸ್ತೆಗಳಲ್ಲಿ ಸೈಕಲ್ ಹೊಡೀಬಾರದಾ? ಖಂಡಿತ ಹೊಡೀರಿ. ಕಾರಿನ ಗಾಜು ಏರಿಸಿಕೊಂಡವರಿಗೆ ಸಹಜ ಕಾಡು ಎಲ್ಲಿ ಮುಗೀತು, ನೆಡುತೋಪು ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ಸೈಕಲ್ಲಿನವರಿಗೆ ಗೊತ್ತಾಗುತ್ತೆ, ಬಿಸಿಲು ಬೆನ್ನಿಗೆ ಬಿದ್ದೇ ಹೇಳುತ್ತೆ. ಟೀ ಅಂಗಡಿಯಲ್ಲಿ ಇಳಿದಾಗ ಫೋಟೋ ತಗೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ಅಂಗಡಿಯವರನ್ನ ಕೇಳಿ: "ಅಣ್ಣಾ, ನಿಮ್ಮದು ಮೂಲ ಯಾವೂರು?" ಬೀಸೆಕಲ್ಲು ಕರ್ಕೊಂಡು ಹೋಗೋದು ಅಲ್ಲಿಯ ತನಕ. ಮುಂದಿನ ಕಥೆ ಅವರೇ ಹೇಳ್ತಾರೆ.

ಉಂಬ್ಳೆಬೈಲು ಕಡೆ ಕಾಡಾನೆ ಓಡಾಟ ಇದೆ. ಬೆಳಕು ಹರಿದ ಮೇಲೆ ಹೊರಡಿ, ಕತ್ತಲಾಗೋ ಮುಂಚೆ ಊರು ಸೇರಿ.