ಮಂಡಿ ಊತದ ದಾಖಲೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿನ್ನೆಲೆಯಲ್ಲಿ ರೋಗನಿರ್ಣಯ ಕೋಡಿಂಗ್‌ನ ಒಂದು ಪರಿಶೀಲನೆ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮುಂದೆ ದಿನವಿಡೀ ನಿಂತು ದುಡಿಯುವವರು, ಹೊಸಕೋಟೆಯ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವರು, ದೇವನಹಳ್ಳಿಯ ದ್ರಾಕ್ಷಿ ಚಪ್ಪರದಡಿ ಕೆಲಸ ಮಾಡುವವರು, ನೆಲಮಂಗಲದ ಗೋದಾಮುಗಳಲ್ಲಿ ಮೂಟೆ ಹೊರುವವರು ಮಂಡಿ ಬಾತುಕೊಂಡರೆ ಮೊದಲು ಹೋಗುವುದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ. ಅಲ್ಲಿನ ಚೀಟಿಯಲ್ಲಿ ‘ಮಂಡಿ ಊತ, ನೋವು’ ಎಂದಷ್ಟೇ ಬರೆದು ಮಾತ್ರೆ ಸೂಚಿಸಿದರೆ, ರೋಗಿಗೆ ಅಂದಿನ ಮಟ್ಟಿಗೆ ಉಪಶಮನ ಸಿಗಬಹುದು. ಆದರೆ ಆ ಎರಡು ಪದಗಳಿಂದ ಯಾವ ಕೋಡಿಂಗ್ ಸಿಬ್ಬಂದಿಯೂ, ಎಷ್ಟೇ ನುರಿತಿರಲಿ, ರೋಗದ ಕಾರಣವನ್ನು ಹೊರತೆಗೆಯಲಾರರು. ದಾಖಲೆಯ ಸಮಸ್ಯೆ ಕೋಡ್ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗಿ ಚೀಟಿಯಲ್ಲಿದೆ ಎಂಬುದೇ ಈ ಲೇಖನದ ವಾದ.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆ, ಅಂದರೆ ಐಸಿಡಿ-10, 1990ರಲ್ಲಿ ಅಂಗೀಕಾರಗೊಂಡಿತು. ಕೀಲಿನಲ್ಲಿ ನೀರು ತುಂಬುವುದಕ್ಕೆ ಅದು ಕೊಟ್ಟಿರುವ ಕೋಡ್ ಎಂ 25.4. ದೇಹದ ಭಾಗವನ್ನು ತಿಳಿಸಲು 6 ಎಂಬ ಅಂಕಿ ಸೇರಿಸಬಹುದು. ಆದರೆ ಆ ಅಂಕಿ ಮಂಡಿಯ ಜೊತೆಗೆ ಕೆಳಗಾಲಿನ ಎರಡು ಮೂಳೆಗಳನ್ನೂ ಒಳಗೊಳ್ಳುತ್ತದೆ. ಎಡ-ಬಲದ ಭೇದ ಅಲ್ಲಿಲ್ಲ. ಅಮೆರಿಕ 2015ರ ಅಕ್ಟೋಬರ್‌ನಿಂದ ಬಳಸುತ್ತಿರುವ ತನ್ನ ವಿಸ್ತೃತ ಆವೃತ್ತಿಯಲ್ಲಿ ಬಲ ಮಂಡಿಗೆ ಎಂ 25.461, ಎಡಕ್ಕೆ ಎಂ 25.462, ಯಾವುದೆಂದು ಬರೆಯದಿದ್ದರೆ ಎಂ 25.469 ಎಂದು ವಿಂಗಡಿಸಿದೆ. ಎರಡೂ ಮಂಡಿಗೆ ಒಂದೇ ಕೋಡ್ ಇಲ್ಲದ ಕಾರಣ ಎರಡನ್ನೂ ಬರೆಯಬೇಕು. ನಮ್ಮ ಖಾಸಗಿ ವಿಮೆಯ ಕ್ಲೇಮ್ ಅರ್ಜಿಯಲ್ಲಿ ಆಸ್ಪತ್ರೆ ತುಂಬಬೇಕಾದ ಭಾಗವು ಐಸಿಡಿ-10 ಕೋಡ್ ಕೇಳುತ್ತದೆ. ಯಾವ ಆವೃತ್ತಿಯಿಂದ ಆರಿಸಿದ್ದೆಂದು ನಮೂದಿಸದಿದ್ದರೆ ಎರಡು ಆಸ್ಪತ್ರೆಗಳ ಅಂಕಿಗಳನ್ನು ಹೋಲಿಸುವುದೇ ಕಷ್ಟ.

ಎಂ 25.4 ತಪ್ಪು ಕೋಡ್ ಅಲ್ಲ. ಕಾರಣ ಇನ್ನೂ ತಿಳಿಯದ ಹಂತದಲ್ಲಿ ಅದೇ ಪ್ರಾಮಾಣಿಕವಾದ ಕೋಡ್. ತೊಂದರೆ ಬರುವುದು ಅದು ಕೊನೆಯ ಕೋಡ್ ಆಗಿ ಉಳಿದಾಗ. ಅದರ ಹಿಂದೆ ಅಡಗಬಹುದಾದ ರೋಗಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು: ಸವೆತದ ಸಂಧಿವಾತ (ಎಂ 17), ಗೌಟ್ (ಎಂ 10), ರುಮಟಾಯ್ಡ್ ಸಂಧಿವಾತ (ಎಂ 05, ಎಂ 06), ಕೀವಿನ ಸೋಂಕು (ಎಂ 00), ಕೀಲಿನ ಕ್ಷಯ (ಎ 18.0). ಪೆಟ್ಟು ಬಿದ್ದು ಅಸ್ಥಿರಜ್ಜು ಹರಿದಿದ್ದರೆ ಎಸ್ 83. ಮಂಡಿಚಿಪ್ಪಿನ ಮುಂದಿನ ಚೀಲ ಊದಿಕೊಂಡಿದ್ದರೆ ಎಂ 70.4, ನೆಲಕ್ಕೆ ಮಂಡಿಯೂರಿ ಕೆಲಸ ಮಾಡುವವರಲ್ಲಿ ಕಾಣುವ ಈ ಊತ ಕೀಲಿನ ಒಳಗಿನದೇ ಅಲ್ಲ. ಕೀವಿನ ಸೋಂಕು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕಬಲ್ಲದು. ಕ್ಷಯವಾದರೋ ತಿಂಗಳುಗಟ್ಟಲೆ ಜ್ವರವಿಲ್ಲದೆಯೂ ಮುಂದುವರಿಯಬಲ್ಲದು. ಕ್ಷಯ 2012ರಿಂದ ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ‘ಊತ’ ಎಂಬ ನಮೂದಿನಲ್ಲೇ ನಿಂತ ಕ್ಷಯದ ಮಂಡಿ ಆ ಲೆಕ್ಕಕ್ಕೆ ಎಂದೂ ಸೇರದು.

ಇವುಗಳನ್ನು ಬೇರ್ಪಡಿಸುವ ವಿವರಗಳು ದುಬಾರಿಯವಲ್ಲ. ಯಾವ ಮಂಡಿ, ಎಷ್ಟು ದಿನದಿಂದ, ಜ್ವರ ಇದೆಯೇ, ಪೆಟ್ಟು ಬಿದ್ದಿತ್ತೇ, ಬೇರೆ ಕೀಲುಗಳೂ ಊದಿವೆಯೇ, ಚಿಪ್ಪನ್ನು ಒತ್ತಿದಾಗ ಒಳಗೆ ನೀರು ತೋರುತ್ತದೆಯೇ? ನೀರು ತೆಗೆದಿದ್ದರೆ ಅದರ ಬಣ್ಣ ಮತ್ತು ಬಿಳಿರಕ್ತಕಣಗಳ ಎಣಿಕೆ ಬಹುಪಾಲು ಉತ್ತರ ಕೊಡುತ್ತವೆ. ಘನ ಮಿಲಿಮೀಟರಿಗೆ 2,000ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸವೆತ. 50,000 ದಾಟಿದರೆ ಕೀವಿನ ಸೋಂಕನ್ನು ಮೊದಲು ಶಂಕಿಸಬೇಕು. ಇಷ್ಟು ಬರೆದಿದ್ದರೆ ಕೋಡ್ ತಾನಾಗಿಯೇ ಸ್ಪಷ್ಟವಾಗುತ್ತದೆ.

ಶಂಕಿತ ರೋಗದ ವಿಷಯದಲ್ಲಿ ನಿಯಮಗಳೇ ಭಿನ್ನವಾಗಿವೆ. ಚಿಕಿತ್ಸೆಯ ಕೊನೆಗೂ ‘ಶಂಕಿತ’ ಎಂದೇ ಉಳಿದು ಬೇರೆ ಮಾಹಿತಿ ಇಲ್ಲದಿದ್ದರೆ, ಖಚಿತ ರೋಗದಂತೆಯೇ ಕೋಡ್ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ. ಅಮೆರಿಕದ ಮಾರ್ಗಸೂಚಿ ಹೊರರೋಗಿಗಳಲ್ಲಿ ಇದನ್ನು ನಿಷೇಧಿಸಿ, ಲಕ್ಷಣಕ್ಕೇ ಕೋಡ್ ಕೊಡಿ ಎನ್ನುತ್ತದೆ. ‘ಶಂಕಿತ ಕ್ಷಯ, ಬಲ ಮಂಡಿ’ ಎಂಬ ಒಂದೇ ಚೀಟಿ ಒಂದು ಕಡೆ ಕ್ಷಯವಾಗಿಯೂ ಇನ್ನೊಂದು ಕಡೆ ಬರೀ ಊತವಾಗಿಯೂ ದಾಖಲಾಗುತ್ತದೆ. ಹೊರರೋಗಿಯ ಮಟ್ಟಿಗೆ ಎರಡನೆಯದೇ ಸುರಕ್ಷಿತವೆಂದು ನನ್ನ ಅಭಿಪ್ರಾಯ, ಶಂಕೆಯನ್ನು ಪದಗಳಲ್ಲಿ ಬರೆದಿಡುವ ಷರತ್ತಿನೊಂದಿಗೆ.

ಸರ್ಕಾರಿ ವ್ಯವಸ್ಥೆಗಳು ಮಂಡಿಯನ್ನು ಹೇಗೆ ಕಾಣುತ್ತವೆ ಎಂಬುದು ಇನ್ನೂ ಮುಖ್ಯ. ಆಸ್ಪತ್ರೆಗಳು ತಿಂಗಳಿಗೊಮ್ಮೆ ತುಂಬುವ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆಯ (ಎಚ್‌ಎಂಐಎಸ್) ನಮೂನೆಯ ಹೊರರೋಗಿ ಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಪಾರ್ಶ್ವವಾಯು, ಅಪಸ್ಮಾರ, ಕಣ್ಣು, ಹಲ್ಲು ಇವಕ್ಕೆ ಸಾಲುಗಳಿವೆ, ಕೀಲಿಗೆ ಇಲ್ಲ. ಸಾಂಕ್ರಾಮಿಕ ರೋಗಗಳ ನಿಗಾ ವ್ಯವಸ್ಥೆ ಚಿಕೂನ್‌ಗುನ್ಯವನ್ನು ಜ್ವರದ ವಾರದಲ್ಲಿ ಹಿಡಿಯುತ್ತದೆ. ಆದರೆ 2006ರ ಹಾವಳಿಯನ್ನು ಕಂಡ ಕರ್ನಾಟಕಕ್ಕೆ ಗೊತ್ತು, ಆ ರೋಗದ ಕೀಲುಬಾಧೆ ಜ್ವರ ಇಳಿದು ತಿಂಗಳುಗಳಾದರೂ ಬಿಡುವುದಿಲ್ಲ. ಆ ಹೊತ್ತಿನ ಚೀಟಿಗೂ ಮೊದಲ ವರದಿಗೂ ಕೊಂಡಿ ಇರುವುದಿಲ್ಲ. ಇನ್ನು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಹಣ ಕೊಡುವುದು ಪ್ಯಾಕೇಜ್ ಕೋಡಿನ ಮೇಲೆ; ಅದು ಚಿಕಿತ್ಸೆಯ ಕೋಡ್. ಪೂರ್ಣ ಮಂಡಿ ಬದಲಿ ಆ ಪಟ್ಟಿಯಲ್ಲಿದೆ, ಅದಕ್ಕೂ ಮುಂಚಿನ ಹತ್ತು ವರ್ಷಗಳ ಊತ ಇಲ್ಲ. ಹೀಗಾಗಿ ಬಡವರ ಮಂಡಿ ಸರ್ಕಾರಿ ಅಂಕಿಅಂಶದಲ್ಲಿ ಕಾಣಿಸಿಕೊಳ್ಳುವುದು ಬಹುತೇಕ ಶಸ್ತ್ರಚಿಕಿತ್ಸೆಯ ದಿನ ಮಾತ್ರ. ಇದು ನನಗೆ ಒಪ್ಪಲಾಗದ ಸಂಗತಿ.

ಸ್ಥಳೀಯ ಕಾರಣಗಳನ್ನು ಹುಡುಕುವವರಿಗೆ ಈ ಕೊರತೆ ನೇರವಾಗಿ ತಟ್ಟುತ್ತದೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳು ಫ್ಲೋರೈಡ್ ಬಾಧಿತ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ಅಂಟಿಕೊಂಡಿವೆ. ಜನ ಕುಡಿಯುತ್ತ ಬಂದದ್ದು ಆಳದ ಕೊಳವೆಬಾವಿ ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಬಾರದೆಂಬುದು ಭಾರತೀಯ ಮಾನಕ. ಮೂಳೆಯ ಫ್ಲೋರೋಸಿಸ್‌ಗೆ ಎಂ 85.1 ಎಂಬ ಪ್ರತ್ಯೇಕ ಕೋಡೇ ಇದೆ, ಆದರೆ ಚೀಟಿಯಲ್ಲಿ ನೀರಿನ ಮೂಲ ಕೇಳಿ ಬರೆಯದೆ ಅದರ ಶಂಕೆಯೇ ಹುಟ್ಟದು. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಇಲ್ಲಿ ನೆನೆಯತಕ್ಕದ್ದು. 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ, ಸೊಂಟ-ಮಂಡಿಗಳನ್ನು ಕುಗ್ಗಿಸುವ ಆ ರೋಗ ವಂಶಪಾರಂಪರ್ಯದ್ದೆಂದು ತಿಳಿದದ್ದು ಸಂಶೋಧಕರು ಕುಟುಂಬಗಳನ್ನೇ ಪರೀಕ್ಷಿಸಿ ವಂಶಾವಳಿ ಬರೆದುಕೊಂಡ ಮೇಲೆ. ಇನ್ನೊಂದು ಎಚ್ಚರಿಕೆ: 2007ರಲ್ಲಿ ರಾಮನಗರ ಬೇರೆಯಾಗುವವರೆಗೆ ಕನಕಪುರ, ಮಾಗಡಿ, ಚನ್ನಪಟ್ಟಣಗಳೂ ‘ಬೆಂಗಳೂರು ಗ್ರಾಮಾಂತರ’ದಲ್ಲೇ ಇದ್ದವು. ಹಳೆಯ ಅಂಕಿಗಳನ್ನು ಇಂದಿನ ನಾಲ್ಕು ತಾಲ್ಲೂಕುಗಳ ಪಕ್ಕ ಹಾಗೆಯೇ ಇಡಲಾಗದು.

2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11 ಮಂಡಿಯ ಸವೆತಕ್ಕೆ ಎಫ್‌ಎ 01 ಎಂಬ ಸ್ವತಂತ್ರ ಕೋಡ್ ಕೊಟ್ಟಿದೆ. ಎಡ, ಬಲ, ಎರಡೂ ಎಂಬುದನ್ನು ಜೋಡಣೆಯ ಕೋಡುಗಳಿಂದ ಸೂಚಿಸಬಹುದು. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳ ಘಟಕವೂ ಸೇರಿದ್ದರಿಂದ ಆಯುಷ್ ವೈದ್ಯರ ಸಂಧಿಗತ ವಾತದ ನಿರ್ಣಯವನ್ನೂ ಎಣಿಸುವ ದಾರಿ ತೆರೆದಿದೆ. ಆದರೆ ಹೊಸ ಪುಸ್ತಕವೂ ಹಳೆಯ ಚೀಟಿಯನ್ನೇ ಓದಬೇಕು.

ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಯ್ದಿಡಬೇಕೆಂದೂ, ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಹೇಳುತ್ತದೆ. ಹೊರರೋಗಿಯ ಚೀಟಿಗೆ ಈ ರಕ್ಷಣೆ ಇಲ್ಲ. ಅದು ರೋಗಿಯ ಪ್ಲಾಸ್ಟಿಕ್ ಕವರಿನಲ್ಲಿ ಮನೆ ಸೇರುತ್ತದೆ. ಆದ್ದರಿಂದ ಸುಧಾರಣೆ ಚೀಟಿಯಿಂದಲೇ ಶುರುವಾಗಬೇಕು. ಮಂಡಿಯ ದೂರು ಹೇಳಿಕೊಂಡು ಬಂದವರ ಚೀಟಿಯ ಮೇಲೆ ಒತ್ತಬಹುದಾದ ಒಂದು ಮೊಹರು ಸಾಕು: ಎಡ/ಬಲ, ದಿನಗಳು, ಜ್ವರ, ಪೆಟ್ಟು, ಬೇರೆ ಕೀಲು, ತೆಗೆದ ನೀರಿನ ಬಣ್ಣ, ಕುಡಿಯುವ ನೀರಿನ ಮೂಲ, ಕಸುಬು. ಅದೇ ಎಂಟು ಅಂಶಗಳ ಒಂದು ಪ್ರತಿ ಕೇಂದ್ರದ ರಿಜಿಸ್ಟರಿನಲ್ಲೂ ಉಳಿಯಬೇಕು. ಇದನ್ನು ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದು ವರ್ಷ ನಡೆಸಿ ನೋಡಿದರೆ, ಮಗ್ಗದ ಮಂಡಿಗೂ ಕೊಳವೆಬಾವಿಯ ಮಂಡಿಗೂ ವ್ಯತ್ಯಾಸವಿದೆಯೇ ಎಂದು ಕೇಳುವುದಕ್ಕಾದರೂ ನಮ್ಮ ಬಳಿ ಆಧಾರ ಸಿಗುತ್ತದೆ.