ದೂರು ಕೊಟ್ಟವಳೇ ಅಪರಾಧಿ

1979ರ ಫೆಬ್ರವರಿ 10ರಂದು ಪಾಕಿಸ್ತಾನದ ಸೇನಾಡಳಿತಗಾರ ಜನರಲ್ ಜಿಯಾ ಉಲ್ ಹಕ್ ಹುದೂದ್ ಸುಗ್ರೀವಾಜ್ಞೆಗಳನ್ನು ಹೊರಡಿಸಿದರು. ಅವುಗಳಲ್ಲೊಂದು 'ಜಿನಾ' ಕುರಿತದ್ದು. ಮದುವೆಯಾಚೆಗಿನ ದೇಹಸಂಬಂಧಕ್ಕೆ ಅರಬ್ಬಿಯಲ್ಲಿರುವ ಹೆಸರು ಅದು. ಬ್ರಿಟಿಷರ ಕಾಲದಿಂದ ಉಳಿದುಬಂದಿದ್ದ ದಂಡಸಂಹಿತೆಯಲ್ಲಿ ಅತ್ಯಾಚಾರಕ್ಕೆ ಪ್ರತ್ಯೇಕ ಕಲಂ ಇತ್ತು. ಅದನ್ನು ತೆಗೆದು 'ಜಿನಾ ಬಿಲ್ ಜಬ್ರ್', ಅಂದರೆ ಬಲವಂತದ ಜಿನಾ, ಎಂಬುದನ್ನು ತರಲಾಯಿತು.

ತೊಡಕು ಹುಟ್ಟಿದ್ದೇ ಈ ಹೆಸರಿನಲ್ಲಿ. ಅತ್ಯಾಚಾರವೀಗ ಜಿನಾದ ಒಂದು ಬಗೆ. 'ಬಲವಂತ' ಸಾಬೀತಾಗದಿದ್ದರೆ ಉಳಿಯುವುದು ಬರಿಯ ಜಿನಾ. ಅದರಲ್ಲಿ ಹೆಣ್ಣೂ ಪಾಲುದಾರಳು. ಅತ್ಯಂತ ಕಠಿಣ ಶಿಕ್ಷೆಯಾದ ಹದ್ದ್ ವಿಧಿಸಲು ಆರೋಪಿಯ ತಪ್ಪೊಪ್ಪಿಗೆ ಬೇಕು, ಇಲ್ಲವೇ ಕಣ್ಣಾರೆ ಕಂಡ ನಾಲ್ವರು ಮುಸ್ಲಿಂ ಗಂಡಸರ ಸಾಕ್ಷ್ಯ ಬೇಕು. ಅದಕ್ಕಿಂತ ಕಡಿಮೆಯ ಶಿಕ್ಷೆಗೆ ಇತರ ಪುರಾವೆ ಸಾಕಾಗುತ್ತಿತ್ತು. ಆದರೆ ಆ ಪುರಾವೆ ಹೆಚ್ಚಾಗಿ ತಿರುಗಿದ್ದು ಹೆಣ್ಣಿನತ್ತಲೇ. ನಾಲ್ವರು ಸಾಕ್ಷಿಗಳ ನಿಯಮ ಕುರಾನಿನಲ್ಲಿ ಬರುವುದು ಹೆಂಗಸರ ಮೇಲೆ ಸುಳ್ಳು ಅಪವಾದ ಹೊರಿಸುವವರನ್ನು ತಡೆಯಲು. ಕಾಪಾಡಲೆಂದು ಇದ್ದ ನಿಯಮವೇ ಹೆಣ್ಣಿಗೆ ಉರುಳಾಯಿತು.

ಸಾಹಿವಾಲ್‌ನ ಪ್ರಕರಣ ಇದನ್ನು ಬಯಲಿಗೆಳೆಯಿತು. ಮನೆಗೆಲಸದ ಅಂಧ ಯುವತಿಯೊಬ್ಬಳು ಗರ್ಭಿಣಿಯಾದಳು. ಮನೆಯ ಒಡೆಯ ಮತ್ತು ಅವನ ಮಗನ ಮೇಲೆ ಅತ್ಯಾಚಾರದ ದೂರು ದಾಖಲಾಯಿತು. ಸಾಕ್ಷ್ಯ ಸಾಲದೆಂದು ಇಬ್ಬರೂ ಬಿಡುಗಡೆಯಾದರು. ಅವಳ ಬಸಿರೇ ಅವಳ ವಿರುದ್ಧ ಪುರಾವೆಯಾಯಿತು: ಮೂರು ವರ್ಷ ಜೈಲು, 15 ಛಡಿಯೇಟು, 1000 ರೂಪಾಯಿ ದಂಡ. ದೇಶದೊಳಗೂ ಹೊರಗೂ ಗದ್ದಲವೆದ್ದಾಗ ಫೆಡರಲ್ ಶರೀಯತ್ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು ಅವಳನ್ನು ಖುಲಾಸೆ ಮಾಡಿತು. ಆದರೆ ಕಾನೂನು ಹಾಗೇ ಉಳಿಯಿತು.

ಎದುರು ನಿಂತವರು ಹೆಂಗಸರು. 1981ರಲ್ಲಿ ಕರಾಚಿಯಲ್ಲಿ ವಿಮೆನ್ಸ್ ಆ್ಯಕ್ಷನ್ ಫೋರಂ ಹುಟ್ಟಿತು. 1983ರ ಫೆಬ್ರವರಿ 12ರಂದು, ಹೆಣ್ಣಿನ ಸಾಕ್ಷ್ಯವನ್ನು ಗಂಡಿನ ಅರ್ಧಕ್ಕೆ ಇಳಿಸುವ ಮಸೂದೆಯ ವಿರುದ್ಧ ಲಾಹೋರಿನಲ್ಲಿ ಬೀದಿಗಿಳಿದವರ ಮೇಲೆ ಪೊಲೀಸರು ಲಾಠಿ ಬೀಸಿದರು. ಅಸ್ಮಾ ಜಹಾಂಗೀರ್‌ರಂಥ ವಕೀಲರು ನ್ಯಾಯಾಲಯದೊಳಗೆ ಹೋರಾಡಿದರು. 2003ರಲ್ಲಿ ನಿವೃತ್ತ ನ್ಯಾಯಮೂರ್ತಿ ಮಾಜಿದಾ ರಿಜ್ವಿ ನೇತೃತ್ವದ ರಾಷ್ಟ್ರೀಯ ಮಹಿಳಾ ಆಯೋಗ ಈ ಕಾನೂನುಗಳನ್ನು ರದ್ದುಮಾಡಲು ಶಿಫಾರಸು ಮಾಡಿತು.

ಪೂರ್ತಿ ರದ್ದಾಗಲಿಲ್ಲ. ಧಾರ್ಮಿಕ ಪಕ್ಷಗಳ ಪ್ರತಿಭಟನೆಯ ನಡುವೆ 2006ರಲ್ಲಿ ಬಂದ ಮಹಿಳಾ ರಕ್ಷಣಾ ಕಾಯ್ದೆ ಅತ್ಯಾಚಾರವನ್ನು ಮತ್ತೆ ದಂಡಸಂಹಿತೆಗೆ ಸೇರಿಸಿತು. ಒಪ್ಪಿತ ಸಂಬಂಧ ಅಪರಾಧವಾಗಿಯೇ ಉಳಿಯಿತು. ಆದರೆ ಅತ್ಯಾಚಾರದ ದೂರನ್ನು ಯಾವ ಹಂತದಲ್ಲೂ ಜಿನಾ ಪ್ರಕರಣವಾಗಿ ಬದಲಿಸುವಂತಿಲ್ಲ ಎಂದಾಯಿತು. ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣು ದೂರುದಾರಳಾಗಿಯೇ ಇಳಿದು ಬರಬಹುದು ಎಂಬಷ್ಟನ್ನು ಕಾನೂನಿನಲ್ಲಿ ಬರೆಸಲು 27 ವರ್ಷ ಹಿಡಿಯಿತು.