ಪುಟ್ಟ ವಿಮಾನಕ್ಕೆ ಯಾವ ಬಣ್ಣ?

ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ಹರಿಕೇನ್ ಎಂಬ ಯುದ್ಧವಿಮಾನದ ಮಾದರಿಯೊಂದನ್ನು ಮಾಡಿ ತಂದಿದ್ದ. ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 17 ಸೆಂಟಿಮೀಟರು. ‘1944ರಲ್ಲಿ ಬರ್ಮಾ ಗಡಿಯಲ್ಲಿ ಹಾರಿದ ನಮ್ಮ ವಾಯುಪಡೆಯ ವಿಮಾನ’ ಎಂಬ ಚೀಟಿಯನ್ನು ಶುದ್ಧವಾಗಿ ಬರೆಯಿಸಿಕೊಳ್ಳಲು ನನ್ನ ಬಳಿಗೆ ಬಂದಿದ್ದ. ರೆಕ್ಕೆಯ ಮೇಲಿನ ವರ್ತುಲ ಚಿಹ್ನೆಯ ನಡುವಣ ಬೊಟ್ಟಿಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. “ಇದಕ್ಕೆ ಯಾವ ಬಣ್ಣ ಹಾಕಲಿ ಸಾರ್?” ಎಂದು ಕೇಳಿದ. ನಾನು ಪೆಟ್ಟಿಗೆಯ ಮೇಲಿದ್ದ ಚಿತ್ರವನ್ನು ನೋಡಿ, “ಕೆಂಪು” ಎಂದೆ. ಅವನು ಕೆಂಪು ಬಳಿದ. ಬಹುಮಾನವೂ ಬಂದಿತು. ನಾನು ಹೇಳಿದ್ದು ತಪ್ಪೆಂದು ತಿಳಿದದ್ದು ಆ ಮೇಲೆ, ಬೇಸಗೆಯ ರಜೆಯಲ್ಲಿ ಆ ಕಾಲದ ಇತಿಹಾಸವನ್ನು ಓದಲು ಕುಳಿತಾಗ.

ಒಂದೇ ಪ್ರತಿಯನ್ನು ನಂಬಿ ಪದ್ಯಕ್ಕೆ ಅರ್ಥ ಹೇಳಬಾರದು, ಪಾಠಾಂತರಗಳನ್ನು ಹೋಲಿಸಿ ನೋಡಬೇಕು ಎಂದು ವರ್ಷವರ್ಷವೂ ಮಕ್ಕಳಿಗೆ ಬೋಧಿಸುವವನು ನಾನು. ಆದರೆ ಆ ದಿನ ಪೆಟ್ಟಿಗೆಯ ಚಿತ್ರವೇ ನನಗೆ ಮೂಲಗ್ರಂಥವಾಯಿತು. ಆ ತಪ್ಪಿನಿಂದ ನಾನು ಕಲಿತದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ಮಹಾಯುದ್ಧಗಳ ನಡುವಣ ಶಾಂತಿಕಾಲದಲ್ಲಿ ಬ್ರಿಟಿಷ್ ಕಾದಾಟದ ವಿಮಾನಗಳು ಬೆಳ್ಳಿಯ ಬಣ್ಣದಿಂದ ಹೊಳೆಯುತ್ತಿದ್ದುವು. ಒಂದೊಂದು ದಳವೂ ತನ್ನದೇ ಆದ ಬಣ್ಣದ ಪಟ್ಟಿಗಳಿಂದ ಅಲಂಕರಿಸಿಕೊಳ್ಳುತ್ತಿತ್ತು. ಯುದ್ಧದ ಮೋಡ ಕವಿದಂತೆ ಈ ಶೃಂಗಾರ ಮರೆಯಾಯಿತು. ಮೇಲಿನಿಂದ ನೋಡುವ ಶತ್ರುವಿಗೆ ವಿಮಾನವು ಹೊಲಗದ್ದೆಗಳಲ್ಲಿ ಕರಗಿಹೋಗಬೇಕೆಂದು ಮೇಲ್ಭಾಗಕ್ಕೆ ಮಣ್ಣಿನ ಕಂದು ಮತ್ತು ಕಡುಹಸುರು ಬಂದುವು. ಈ ಎರಡು ಬಣ್ಣಗಳ ಅಂಕುಡೊಂಕಿನ ಗೆರೆಗಳಿಗೂ ಸರ್ಕಾರದ ನಕ್ಷೆಯಿತ್ತು. 1941ರ ಆಗಸ್ಟ್ ತಿಂಗಳಲ್ಲಿ, ಕಾಳಗವು ಇಂಗ್ಲೆಂಡಿನ ಹೊಲಗಳ ಮೇಲಿನಿಂದ ಕಡಲ ಕಡೆಗೂ ಇನ್ನಷ್ಟು ಎತ್ತರಕ್ಕೂ ಸರಿದಿದ್ದುದರಿಂದ, ಅಲ್ಲಿಯ ಹಗಲು ಕಾದಾಟದ ವಿಮಾನಗಳಲ್ಲಿ ಕಂದಿನ ಬದಲು ಕಡಲಿನ ಬೂದುಬಣ್ಣ ಬಳಿಯಬೇಕೆಂದು ಆಜ್ಞೆಯಾಯಿತು. ಆಫ್ರಿಕದ ಮರಳುಗಾಡಿಗೆ ಹೋದ ವಿಮಾನಗಳಿಗೆ ಹಸುರಿನ ಜಾಗದಲ್ಲಿ ಮರಳುಗಲ್ಲಿನ ಹಳದಿ ಬಂದಿತು. ಆದ್ದರಿಂದ ‘ಹರಿಕೇನಿನ ಬಣ್ಣ ಯಾವುದು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ವರ್ಷ, ಯಾವ ನೆಲ, ಯಾವ ಕೆಲಸ ಎಂದು ಮೊದಲು ಕೇಳಬೇಕು.

ಬಣ್ಣದ ಹೆಸರನ್ನು ನಂಬಿ ಮೋಸಹೋಗುವುದೂ ಉಂಟು. ನಮ್ಮಲ್ಲಿ ‘ಶ್ಯಾಮ’ ಎಂಬ ಶಬ್ದವನ್ನು ಕಪ್ಪಿಗೂ ಕಡುನೀಲಿಗೂ ಕಡುಹಸುರಿಗೂ ಪ್ರಯೋಗಿಸಿದ್ದಾರೆ. ಸಂದರ್ಭವನ್ನು ನೋಡಿಯೇ ಅರ್ಥ ಮಾಡಬೇಕು. 1940ರ ಬೇಸಗೆಯಲ್ಲಿ ಬ್ರಿಟಿಷ್ ಕಾದಾಟದ ವಿಮಾನಗಳ ಹೊಟ್ಟೆಗೆ ಬಳಿದ ಬಣ್ಣದ ಹೆಸರು ‘ಸ್ಕೈ’, ಅಂದರೆ ಆಕಾಶ. ಹೆಸರು ಕೇಳಿದವರು ತಿಳಿನೀಲಿಯನ್ನು ಕಲ್ಪಿಸಿಕೊಳ್ಳುತ್ತಾರೆ. ನಿಜವಾಗಿ ಅದು ಹಸುರಿನ ಛಾಯೆ ಬೆರೆತ, ಬಹಳ ತೆಳುವಾದ ಮಾಸಲು ಬಣ್ಣ. ಇನ್ನೊಂದು ವಿಚಿತ್ರ ಕೇಳಿ: ಮೋಡಗಳ ಕೆಳಗೆ ತಗ್ಗಿನಲ್ಲಿ ಹಾರಿ ಶತ್ರುನೆಲದ ಛಾಯಾಚಿತ್ರ ತೆಗೆಯುತ್ತಿದ್ದ ಕೆಲವು ಸ್ಪಿಟ್‌ಫೈರ್ ವಿಮಾನಗಳಿಗೆ ತಿಳಿಗುಲಾಬಿ ಬಣ್ಣ ಬಳಿದಿದ್ದರು. ಆಟದ ಸಾಮಾನಿನಂತೆ ತೋರುವ ಆ ಬಣ್ಣ ಮೋಡದ ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ನಂಬಲಾಗದ್ದೆಲ್ಲ ಸುಳ್ಳಲ್ಲ, ನಂಬಿಕೆಗೆ ಒಗ್ಗಿದ್ದೆಲ್ಲ ನಿಜವೂ ಅಲ್ಲ.

ಇನ್ನು ಕೆಂಪು ಬೊಟ್ಟಿನ ಮಾತಿಗೆ ಬರೋಣ. ಬ್ರಿಟಿಷರ ವಿಮಾನಗಳಲ್ಲಿ ನೀಲಿಯ ಬಳೆ, ಅದರೊಳಗೆ ಬಿಳಿಯ ಬಳೆ, ನಡುವೆ ಕೆಂಪು ಬೊಟ್ಟು ಇರುತ್ತಿದ್ದುವು. 1932ರ ಅಕ್ಟೋಬರ್ 8ರಂದು ಸ್ಥಾಪಿತವಾದ ಭಾರತೀಯ ವಾಯುಪಡೆಗೂ ಅದೇ ಚಿಹ್ನೆ ಬಂದಿತ್ತು. ಆದರೆ 1941ರ ಕೊನೆಯಲ್ಲಿ ಜಪಾನು ಯುದ್ಧಕ್ಕಿಳಿಯಿತು. ಜಪಾನಿ ವಿಮಾನಗಳ ರೆಕ್ಕೆಯ ಮೇಲಿದ್ದುದು ಉದಯಸೂರ್ಯನ ಕೆಂಪು ಬಿಂಬ. ಬಿರುಸಿನಿಂದ ಹಾಯ್ದುಹೋಗುವ ವಿಮಾನದಲ್ಲಿ ಕ್ಷಣಮಾತ್ರ ಕೆಂಪು ಕಂಡರೆ, ಅದರ ಸುತ್ತ ನೀಲಿಯ ಬಳೆಯಿದೆಯೋ ಇಲ್ಲವೋ ಎಂದು ವಿಚಾರಿಸುವಷ್ಟು ಪುರುಸೊತ್ತು ಬಂದೂಕು ಹಿಡಿದವನಿಗೆ ಎಲ್ಲಿಯದು? ಮಿತ್ರನ ಗುಂಡಿಗೆ ಮಿತ್ರನೇ ಬಲಿಯಾಗುವ ಅಪಾಯವಿತ್ತು. 1942ರ ಮೇ ತಿಂಗಳಲ್ಲಿ ಅಮೆರಿಕನರು ತಮ್ಮ ಬಿಳಿಯ ನಕ್ಷತ್ರದ ನಡುವಣ ಕೆಂಪು ಬೊಟ್ಟನ್ನು ತೆಗೆದುಹಾಕಿದರು. ಭಾರತದಲ್ಲಿಯೂ ಬ್ರಿಟಿಷ್ ಮತ್ತು ಭಾರತೀಯ ದಳಗಳ ವಿಮಾನಗಳಲ್ಲಿ ಕೆಂಪಿನ ಮೇಲೆ ಬಿಳಿ ಬಳಿದು ಮುಚ್ಚಿದರು. ಬರಿಯ ಬಿಳುಪು ದೂರದಿಂದಲೇ ಎದ್ದು ಕಾಣುತ್ತದೆಯಷ್ಟೆ. ಆದ್ದರಿಂದ ಅದಕ್ಕೆ ನೀಲಿಯನ್ನು ಬೆರೆಸಿ ತಿಳಿನೀಲಿ ಮಾಡಿಕೊಂಡರು. ಕಡುನೀಲಿಯ ನಡುವೆ ತಿಳಿನೀಲಿಯ ಬೊಟ್ಟು—ಇದು ಬರ್ಮಾ ರಣರಂಗದ ಗುರುತಾಯಿತು.

ಈ ಗುರುತನ್ನು ಹೊತ್ತು ಹಾರಿದವರು ಯಾರು? ಆರಾಕಾನಿನ ಕಾಡುಗಳ ಮೇಲೆ ಶತ್ರುವಿನ ಚಲನವಲನಗಳನ್ನು ಪತ್ತೆಹಚ್ಚುತ್ತಿದ್ದ ಭಾರತೀಯ ವಾಯುಪಡೆಯ 6ನೆಯ ದಳ ಹರಿಕೇನುಗಳದು. ಅದರ ನಾಯಕ ಮೆಹರ್ ಸಿಂಗ್. ಹದಿನಾಲ್ಕನೆಯ ಸೈನ್ಯದ ಕಣ್ಣುಗಳೆಂದು ಆ ದಳ ಹೆಸರಾಯಿತು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದ 1ನೆಯ ದಳವೂ ಹರಿಕೇನುಗಳಲ್ಲಿಯೇ ಹಾರಿತು. ಇಂಥವರ ವಿಮಾನದ ಮೇಲೆ ನಾನು ಬಳಿಯಿಸಿದ ಬಣ್ಣ ಯಾವುದು? ಅವರ ಪ್ರಾಣಕ್ಕೆ ಅಪಾಯವೆಂದು ಅಳಿಸಿಹಾಕಿದ್ದ ಬಣ್ಣ! ಇದು ಕೇವಲ ಅಲಂಕಾರದ ದೋಷವಲ್ಲ, ಅರ್ಥದೋಷ.

ಹಾಗಾದರೆ ಸರಿಯಾದ ಬಣ್ಣವನ್ನು ತಿಳಿಯುವುದು ಹೇಗೆ? ಛಾಯಾಚಿತ್ರಗಳಿಲ್ಲವೆ ಎಂದು ಕೇಳಬಹುದು. ಇವೆ; ಆದರೆ ಹೆಚ್ಚಿನವು ಕಪ್ಪುಬಿಳುಪಿನವು. ಆ ಕಾಲದ ಒಂದು ಬಗೆಯ ಫಿಲ್ಮಿಗೆ ಕೆಂಪು ಬೆಳಕಿನ ಅರಿವೇ ಇರಲಿಲ್ಲ. ಅದರಲ್ಲಿ ಕೆಂಪು ಬಣ್ಣ ಕಪ್ಪಾಗಿಯೂ, ನೀಲಿ ಬಿಳಿಚಿಕೊಂಡೂ ಬೀಳುತ್ತದೆ. ಹಳದಿಯ ಬಳೆ ಕೂಡ ಕಪ್ಪಾಗಿ ತೋರುತ್ತದೆ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಬೇರೊಂದು ಬಗೆಯ ಫಿಲ್ಮಿನಲ್ಲಿ ಅದೇ ಕೆಂಪು ಬೂದಾಗುತ್ತದೆ. ತಿಳಿನೀಲಿಯ ಬೊಟ್ಟನ್ನು ಬಿಳಿಯೆಂದು ಓದಿಕೊಳ್ಳುವುದು ಎಷ್ಟು ಸುಲಭವೆಂಬುದನ್ನು ಇದರಿಂದಲೇ ಊಹಿಸಬಹುದು. ಓಲೆಯ ಪ್ರತಿಯಲ್ಲಿ ಲಿಪಿಕಾರನ ಕೈತಪ್ಪುಗಳಿರುವಂತೆ ಛಾಯಾಚಿತ್ರಕ್ಕೂ ಅದರದೇ ಆದ ತಪ್ಪುಗಳಿವೆ. ಆ ತಪ್ಪುಗಳ ಜಾಡನ್ನು ಅರಿತವನಿಗೆ ಮಾತ್ರ ಅದು ನಂಬತಕ್ಕ ಸಾಕ್ಷಿ.

ಎರಡನೆಯ ಸಾಕ್ಷಿ ಸರ್ಕಾರದ ಆಜ್ಞಾಪತ್ರ. ಅದು ಹೇಗಿರಬೇಕೆಂದು ಹೇಳುತ್ತದೆ, ಹೇಗಿತ್ತೆಂದು ಹೇಳುವುದಿಲ್ಲ. ಆಜ್ಞೆ ಹೊರಟ ದಿನವೇ ದೂರದ ವಿಮಾನನೆಲೆಗೆ ಬಣ್ಣದ ಡಬ್ಬಿ ಬಂದಿರುತ್ತದೆಯೆ? ಮೂರನೆಯ ಸಾಕ್ಷಿ ಉಳಿದು ಬಂದ ವಿಮಾನದ ತುಣುಕು. ಅದೂ ಹತ್ತಾರು ವರ್ಷಗಳ ಬಿಸಿಲುಮಳೆಗೆ ಮಾಸಿರುತ್ತದೆ. ಮೇಲಿನ ಪದರವನ್ನು ನಯವಾಗಿ ಉಜ್ಜಿ ತೆಗೆದಾಗ ಒಳಗಿನ ಬಣ್ಣ ಬೇರೆಯೇ ಕಾಣಬಹುದು. ಮೂರನ್ನೂ ಎದುರಿಗಿಟ್ಟು, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುವುದೇ ಇಲ್ಲಿಯ ಗ್ರಂಥಸಂಪಾದನೆ.

ಇಷ್ಟೆಲ್ಲ ಆದ ಮೇಲೆ ನಿಜವಾದ ವಿಮಾನದ ಬಣ್ಣವನ್ನೇ ತಂದು ಮಾದರಿಗೆ ಬಳಿದರೆ ಸರಿಹೋಗುವುದೆ? ಅಲ್ಲಿಯೂ ಒಂದು ತೊಡಕಿದೆ. ದೂರದ ಬೆಟ್ಟ ಹತ್ತಿರದ ಮರದಷ್ಟು ಕಡುಹಸುರಾಗಿ ಕಾಣುವುದಿಲ್ಲ. ನಡುವಣ ಗಾಳಿ ಮತ್ತು ಧೂಳಿನಿಂದ ಮಬ್ಬಾಗುತ್ತದೆ. ಎಪ್ಪತ್ತೆರಡನೆಯ ಒಂದು ಪಾಲಿನ ಮಾದರಿಯನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ಎಪ್ಪತ್ತೆರಡು ಅಡಿ ದೂರದಿಂದ ನೋಡಿದಂತೆ. ಆದಕಾರಣ ಅನುಭವಿಗಳು ಬಣ್ಣಕ್ಕೆ ತುಸು ಬಿಳಿಯನ್ನು ಬೆರೆಸಿ ತಿಳಿಗೊಳಿಸುತ್ತಾರೆ. ಎಷ್ಟು ಬೆರೆಸಬೇಕೆಂಬುದಕ್ಕೆ ಸೂತ್ರವಿಲ್ಲ. ಅದನ್ನು ಕಣ್ಣೇ ಹೇಳಬೇಕು. ಅದೂ ಕೊಳವೆದೀಪದ ಕೆಳಗಲ್ಲ, ಹಗಲು ಬೆಳಕಿನಲ್ಲಿ.

ಬಣ್ಣದ ಗೊಡವೆಯೇ ಇಲ್ಲದ ಮಾದರಿಗಳೂ ಇದ್ದುವೆಂಬುದನ್ನು ಇಲ್ಲಿ ನೆನೆಯಬೇಕು. 1942ರಲ್ಲಿ ಅಮೆರಿಕದ ನೌಕಾಪಡೆಯು ವಿಮಾನಗಳನ್ನು ಗುರುತಿಸುವ ತರಬೇತಿಗಾಗಿ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಕೊಡಬೇಕೆಂದು ಶಾಲೆಗಳ ವಿದ್ಯಾರ್ಥಿಗಳನ್ನು ಕೇಳಿತು. ಅಳತೆ ಇದೇ, ಎಪ್ಪತ್ತೆರಡರಲ್ಲಿ ಒಂದು. ಅವುಗಳಿಗೆಲ್ಲ ಒಂದೇ ಬಣ್ಣ, ಕಪ್ಪು. ಬೆಳಕಿಗೆದುರಾಗಿ ಹಾರುವ ವಿಮಾನ ನೋಡುವವನಿಗೆ ಕರಿನೆರಳಾಗಿ ತೋರುತ್ತದೆ; ಆಕಾರದಿಂದಲೇ ಅದನ್ನು ಗುರುತಿಸಬೇಕು. ಆ ಮಾದರಿಗೆ ಕಪ್ಪೇ ನಿಜ. ಯಾರು, ಯಾತಕ್ಕಾಗಿ ನೋಡುತ್ತಾರೆ ಎಂಬುದನ್ನು ಬಿಟ್ಟು ಬಣ್ಣದ ಸತ್ಯವಿಲ್ಲ.

ಶಾಲೆ ಮತ್ತೆ ತೆರೆದ ದಿನ ಆ ಹುಡುಗನನ್ನು ಕರೆದು, “ನಾನು ಹೇಳಿದ್ದು ತಪ್ಪಪ್ಪ” ಎಂದೆ. ಏಕೆ ತಪ್ಪೆಂಬುದನ್ನೂ ತಿಳಿಸಿದೆ. ಬಹುಮಾನವನ್ನು ಹಿಂದಕ್ಕೆ ಕೊಡಬೇಕೇ ಎಂಬ ಅಂಜಿಕೆ ಅವನ ಮುಖದಲ್ಲಿ ಸುಳಿಯಿತು. ಅದು ನನ್ನ ತಪ್ಪು, ನಿನ್ನದಲ್ಲ ಎಂದು ಸಮಾಧಾನ ಹೇಳಿದೆ. ಎರಡು ದಿನ ಬಿಟ್ಟು ವಿಮಾನವನ್ನು ತಂದು ತೋರಿಸಿದ. ಕೆಂಪಿನ ಮೇಲೆ ತಿಳಿನೀಲಿ ಬಳಿದಿದ್ದ. “ಅಂಚಿನಲ್ಲಿ ಸ್ವಲ್ಪ ಕೆಂಪು ಕಾಣುತ್ತೆ ಸಾರ್. ಕೆರೆದು ಮತ್ತೆ ಬಳಿಯಲೇ?” ಎಂದ. 1942ರಲ್ಲಿ ವಿಮಾನನೆಲೆಯ ಕೆಲಸಗಾರರೂ ಹೀಗೆಯೇ ಕೆಂಪಿನ ಮೇಲೆ ಕುಂಚ ಆಡಿಸಿದವರಲ್ಲವೆ ಎಂದುಕೊಂಡು, “ಬೇಡ, ಹಾಗೆಯೇ ಇರಲಿ” ಎಂದೆ.

1947ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಿಮಾನಗಳ ಮೇಲೆ ಅಶೋಕಚಕ್ರ ಮೂಡಿತು. 1950ರಲ್ಲಿ ಗಣರಾಜ್ಯವಾದಾಗ ಕೇಸರಿ, ಬಿಳಿ, ಹಸುರಿನ ವರ್ತುಲ ಬಂದಿತು. ಮುಂದಿನ ಪ್ರದರ್ಶನಕ್ಕೆ ಆ ಕಾಲದ ವಿಮಾನವೊಂದನ್ನು ಮಾಡುತ್ತೇನೆಂದು ಅವನು ಹೇಳಿದ್ದಾನೆ. ಯಾವ ವರ್ಷದ್ದೆಂದು ಮೊದಲು ಗೊತ್ತುಮಾಡಿಕೊಂಡು ಬಾ ಎಂದು ಕಳುಹಿಸಿದ್ದೇನೆ.